ಗೋವಾದ ಬೆನಾಲಿಂನ ಹಳೇ ಮನೆಯಲ್ಲಿ ಎರಡು ರಾತ್ರಿ: ಬುಕ್ ಮಾಡುವ ಮೊದಲು ಇಷ್ಟು ಕೇಳಿಕೊಳ್ಳಿ

ಹುಬ್ಬಳ್ಳಿಯಲ್ಲಿ ರಾತ್ರಿ ವಾಸ್ಕೋ ರೈಲು ಹತ್ತಿದರೆ ನಸುಕಿನಲ್ಲೇ ಮಡಗಾಂವ್. ನಾವು ಎಡವಿದ್ದೇ ಅಲ್ಲಿ. ಬೆನಾಲಿಂನ ಪೋರ್ಚುಗೀಸರ ಕಾಲದ ಮನೆಯಲ್ಲಿ ರೂಮು ಸಿಗುವುದು ಮಧ್ಯಾಹ್ನ ಒಂದಕ್ಕೆ. ಎಪ್ಪತ್ತೈದರ ಅಪ್ಪ, ಎರಡು ಮಕ್ಕಳು, ಐದು ಬ್ಯಾಗು ಕಟ್ಟಿಕೊಂಡು ನಾವು ಗೇಟಿನ ಮುಂದೆ ನಿಂತಿದ್ದು ಬೆಳಗ್ಗೆ ಆರಕ್ಕೆ! ಬೇಗ ಬರುತ್ತೇವೆ ಅಂತ ಮೊದಲೇ ಹೇಳಿಡಿ. ಸ್ವಲ್ಪ ದುಡ್ಡು ಜಾಸ್ತಿಯಾದರೂ ಪರವಾಗಿಲ್ಲ.

ಮನೆ ನೋಡಿಕೊಳ್ಳುವಾಕೆ ಹಾವೇರಿ ಕಡೆಯವಳು. ನಮ್ಮ ಮಾತು ಕೇಳಿದ್ದೇ ಗೇಟು ತೆಗೆದು ಬಲ್ಕಾಂವ್‌ನಲ್ಲಿ ಕೂರಿಸಿದಳು. ಬಲ್ಕಾಂವ್ ಅಂದರೆ ನಮ್ಮ ಜಗಲಿ ಕಟ್ಟೆಯಂಥದ್ದು, ಬಾಗಿಲ ಎರಡೂ ಬದಿಗೆ ಕಲ್ಲಿನ ಆಸನ. ಅಷ್ಟರಲ್ಲಿ ಪೋಂ ಪೋಂ ಅಂತ ಪೊದೇರ್ ಬಂದ. ಸೈಕಲ್ ಮೇಲೆ ಬ್ರೆಡ್ ಮಾರುವವನು. ಬಿಸಿ ಬಿಸಿ ಪೊಯ್ ಹರಿದು, ಮನೆಯಿಂದ ತಂದಿದ್ದ ಶೇಂಗಾ ಚಟ್ನಿಪುಡಿ ತುಂಬಿ ಕೊಟ್ಟೆ. ಬ್ರೆಡ್ಡು ಜ್ವರ ಬಂದವರ ಊಟ ಅನ್ನುವ ಅಪ್ಪ ಮೂರು ತಿಂದರು.

ಇನ್ನು ಮನೆ. ಕಿಟಕಿಗೆ ಗಾಜಿಲ್ಲ, ಅಂಗೈಗಿಂತ ಚಿಕ್ಕ ಚಿಪ್ಪಿನ ತುಂಡುಗಳು, ಮರದ ಪಟ್ಟಿಯಲ್ಲಿ ಸಾಲಾಗಿ ಸಿಕ್ಕಿಸಿದ್ದು. ಬಿಸಿಲು ಅದರಲ್ಲಿ ಹಾದು ಮಜ್ಜಿಗೆ ಬಣ್ಣದ ಬೆಳಕಾಗಿ ಬೀಳುತ್ತದೆ. ಹಿತ್ತಲಲ್ಲಿ ಪೇರಿಸಿಟ್ಟ ಹೆಂಚೊಂದನ್ನು ಮಗಳು ತಿರುಗಿಸಿದಳು. ಬಾಸೆಲ್ ಮಿಷನ್, ಮಂಗಳೂರು, 1865 ಅಂತ ಅಚ್ಚು! ಅದು ಕಾರ್ಖಾನೆ ಶುರುವಾದ ವರ್ಷ, ಹೆಂಚಿನ ವಯಸ್ಸಲ್ಲ.

ಚೆಂದಕ್ಕೆ ತಕ್ಕ ಕಷ್ಟವೂ ಇದೆ. ಗೋಡೆ ಸೂರಿನ ತನಕ ಹೋಗುವುದಿಲ್ಲ. ಪಕ್ಕದ ರೂಮಿನ ಗೊರಕೆ ನಮ್ಮ ರೂಮಿನದೇ ಅನ್ನಿಸುತ್ತದೆ. ಬಚ್ಚಲಿಗೆ ಮೂರು ಎತ್ತರದ ಮೆಟ್ಟಿಲು ಇಳಿಯಬೇಕು. "ಅಜ್ಜಾರ, ಸಾವಕಾಶ ಇಳೀರಿ" ಅಂತ ಮನೆ ನೋಡಿಕೊಳ್ಳುವಾಕೆ ಪ್ರತಿ ಸಲ ಅಪ್ಪನ ಹಿಂದೆ ಬರುತ್ತಿದ್ದಳು. ಫೋಟೋದಲ್ಲಿ ಇದ್ಯಾವುದೂ ಕಾಣುವುದಿಲ್ಲ ಅಲ್ವಾ? ಬಚ್ಚಲು ಎಲ್ಲಿದೆ, ಮಂಚಕ್ಕೆ ಸೊಳ್ಳೆಪರದೆ ಇದೆಯಾ, ಕರೆಂಟ್ ಹೋದರೆ ಏನು ಗತಿ, ಫೋನ್ ಮಾಡಿ ಕೇಳಿ. ಸಮುದ್ರದ ಪಕ್ಕ ಅಂದರೆ ಎಷ್ಟು ನಿಮಿಷದ ನಡಿಗೆ ಅಂತಲೂ ಕೇಳಿ. ನಮ್ಮದು ಗದ್ದೆ, ತೆಂಗಿನ ತೋಟ ದಾಟಿ ಹನ್ನೆರಡು ನಿಮಿಷ. ಅಪ್ಪನಿಗೆ ಇಪ್ಪತ್ತೈದು.

ನೀರಿಗೆ ಇಳಿಯುವವರು ಕೆಂಪು-ಹಳದಿ ಬಾವುಟಗಳ ನಡುವೆಯೇ ಇಳಿಯಿರಿ. ಬರೀ ಕೆಂಪು ಬಾವುಟ ಇದ್ದರೆ ಮರಳಲ್ಲೇ ಆಡಿ. ಮಳೆಗಾಲದಲ್ಲಂತೂ ಈಜುವ ಆಸೆ ಬಿಡಿ. ಸ್ಕೂಟರ್ ಬಾಡಿಗೆಗೆ ತಗೊಂಡರೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರಲೇಬೇಕು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಊರು ಮಲಗುತ್ತದೆ. ಔಷಧಿ, ಹಾಲು ಅದಕ್ಕೆ ಮೊದಲೇ ತಂದುಕೊಳ್ಳಿ.

ಉತ್ತರ ಗೋವಾ ಸುತ್ತುವ ಪ್ಲಾನನ್ನು ನಾವು ಕೈಬಿಟ್ಟೆವು. ಸುಮ್ನೆ ಟ್ಯಾಕ್ಸಿಯಲ್ಲಿ ದಿನ ಹೋಗುತ್ತದೆ. ಬದಲಿಗೆ ಒಂದು ಸಂಜೆ ದಕ್ಷಿಣಕ್ಕೆ ಕಾಬೋ ದ ರಾಮ ಕೋಟೆಗೆ ಹೋದೆವು. ನಮ್ಮ ಶಿರಸಿ ಹತ್ತಿರದ ಸೋದೆ ಅರಸರ ಕೈಯಲ್ಲಿದ್ದ ಕೋಟೆ, ಆಮೇಲೆ ಪೋರ್ಚುಗೀಸರ ಪಾಲಾಯಿತು. ಅಲ್ಲಿಗೆ ನೀರು, ಟೋಪಿ ಬೇಕೇ ಬೇಕು.

ಹೊರಡುವ ದಿನ ಪೊದೇರ್ ಹತ್ತಿರ ಹತ್ತು ಪೊಯ್ ಕಟ್ಟಿಸಿಕೊಂಡೆ, ನೆರೆಮನೆಯವರಿಗೆ ಅಂತ. ರೈಲು ಕುಲೆಂ ದಾಟುವಷ್ಟರಲ್ಲಿ ಎರಡು ಉಳಿದಿದ್ದವು.