ನೀನು ಸ್ವಲ್ಪ ಇಳಿ

ಅಪ್ಪ ಅಂದಿದ್ದು ಮೂರೇ ಪದ. ಶನಿವಾರ ಮಧ್ಯಾಹ್ನ, ನಮ್ಮ ಗ್ಯಾರೇಜಿನಲ್ಲಿ. ಇವತ್ತು ಗುರುವಾರ. ಆಫೀಸಿನ ಮೀಟಿಂಗಿನಲ್ಲಿ ಕೂತಾಗಲೂ ಅದೇ ಕಿವಿಯಲ್ಲಿ ಗುಂಯ್ ಅನ್ನುತ್ತಿದೆ. "ನೀನು ಸ್ವಲ್ಪ ಇಳಿ."

ನಾನಿರುವುದು ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ. ಮೂರು ವರ್ಷದಿಂದ ಸಂಜೆ ಹೊತ್ತು ಒಂದು ಕಾರು ಕಟ್ಟುತ್ತಿದ್ದೇನೆ. ಸೆವೆನ್ ಅಂತ ಇಲ್ಲಿ ಒಂದು ಹಳೇ ಕಾಲದ ಸ್ಪೋರ್ಟ್ಸ್ ಕಾರಿದೆಯಲ್ಲ, ಆ ಜಾತಿಯದ್ದು. ಉದ್ದ ಮೂಗು, ಬಿಡಿಬಿಡಿ ಮಡ್‌ಗಾರ್ಡು, ಬಾಗಿಲಿಲ್ಲ, ಮೇಲೆ ಚಾವಣಿ ಇಲ್ಲ. ಬಾಗಿಲ ಕೆಳಗಿನ ತಗಡು ಪೂರ್ತಿ ತುಕ್ಕು ತಿಂದಿದ್ದ ಒಂದು 1994ರ ಮಾಜ್ದಾ ಎಂಎಕ್ಸ್-5 ಕಾರು ತಂದು, ಅದರ ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್, ಹಬ್ಬು, ಎಲ್ಲಾ ಬಿಚ್ಚಿ ಹೊಸ ಪೈಪ್ ಚಾಸಿಗೆ ಕೂರಿಸಿದೆ. ಹೀಗೆ ಕಟ್ಟಿದ ಕಾರು ರಸ್ತೆಗಿಳಿಯಬೇಕಾದರೆ ಐವಿಎ ಅನ್ನೋ ಸರ್ಕಾರಿ ಪರೀಕ್ಷೆ ಇದೆ, ಅದರಲ್ಲಿ ಮೊದಲ ಸಲ ಫೇಲು. ಕೈಗೆ ತಾಗುವ ಅಂಚುಗಳು ಇಷ್ಟು ಮಿಲಿಮೀಟರ್ ದುಂಡಗಿರಬೇಕು ಅಂತ ಲೆಕ್ಕ ಇದೆ, ನನ್ನ ಒಂದು ಬ್ರಾಕೆಟ್ ಚೂಪಾಗಿತ್ತು. ತಪ್ಪು ನನ್ನದೇ. ರಬ್ಬರ್ ಪಟ್ಟಿ ಅಂಟಿಸಿಕೊಂಡು ಹೋಗಿ ಎರಡನೇ ಸಲ ಪಾಸಾದೆ.

ಪಾಸಾದ ಮೇಲೆ ಸುಮ್ನೆ ಓಡಿಸಿಕೊಂಡು ಇರಬಹುದಿತ್ತು. ಆದರೆ ಇದರ ಹುಚ್ಚು ಹಿಡಿದವರು ಯಾರೂ ಸುಮ್ಮನಿರಲ್ಲ. ತೂಕ ಇಳಿಸೋ ಕೆಲಸ ಶುರುವಾಯಿತು. 13 ಕೆಜಿ ಬ್ಯಾಟರಿ ತೆಗೆದು 3 ಕೆಜಿಯ ಲಿಥಿಯಂ ಬ್ಯಾಟರಿ ಹಾಕಿದೆ. ಹೀಟರ್ ಕಿತ್ತೆ. ಮುಂದಿನ ಗಾಜು ತೆಗೆದು ಅಂಗೈ ಎತ್ತರದ ಪಟ್ಟಿ ಹಾಕಿದೆ. ಕಾರ್ಪೆಟ್ ಹೋಯಿತು, ಬಾಟ್ಲಿ ಇಡೋ ಜಾಗ ಹೋಯಿತು. ನಮ್ಮ ಕನ್ನಡ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಒಬ್ಬ, "ಆ ದುಡ್ಡಿಗೆ ಒಂದು ಒಳ್ಳೇ ಎಲೆಕ್ಟ್ರಿಕ್ ಕಾರು ಬರ್ತಿತ್ತು" ಅಂದ. ಅವನು ಪ್ರತಿ ಸಲ ಇದೇ ಹೇಳುತ್ತಾನೆ. ಅವನ ಮನೆಯಲ್ಲಿ ಒಂದು ಸ್ಕ್ರೂಡ್ರೈವರ್ ಕೂಡ ಇಲ್ಲ.

ಅಪ್ಪ ತುಮಕೂರಿನಿಂದ ಬಂದು ಐದು ವಾರ ಆಯಿತು. ಬಂದ ಮಾರನೇ ದಿನ ಗ್ಯಾರೇಜಿನ ಷಟರ್ ಎತ್ತಿ ತೋರಿಸಿದೆ. ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಬಗ್ಗಿ ಕೆಳಗೆ ನೋಡಿದರು. ಆಮೇಲೆ ಕೇಳಿದರು: "ಚಾಸಿ ಚೆನ್ನಾಗಿದೆ ಕಣೋ. ಬಾಡಿ ಯಾವಾಗ ಕಟ್ಟಿಸ್ತೀಯಾ?"

ನನ್ನ ಹೆಂಡತಿ ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು. ಅಪ್ಪ ತಮಾಷೆ ಮಾಡಿರಲಿಲ್ಲ. ಮೂವತ್ತು ವರ್ಷ ಲಾರಿ ಓಡಿಸಿದವರು. ಲಾರಿ ಫ್ಯಾಕ್ಟರಿಯಿಂದ ಹಾಗೇ ತಾನೇ ಬರುತ್ತಿದ್ದಿದ್ದು? ಎಂಜಿನ್, ಚಕ್ರ, ಸ್ಟೇರಿಂಗು, ಎರಡು ಉದ್ದ ಕಬ್ಬಿಣದ ತೊಲೆ, ಅಷ್ಟೇ. ಕ್ಯಾಬಿನ್ನು, ತೊಟ್ಟಿ ಎಲ್ಲಾ ಕಟ್ಟುವುದು ಊರಿನ ಬಾಡಿ ಗ್ಯಾರೇಜಿನಲ್ಲಿ. ಮದುವೆಗೆ ಮುಂಚೆ ಅಪ್ಪ ಅಂಥ ಬರೀ ಚಾಸಿಗಳನ್ನು ಜಮ್ಷೆಡ್‌ಪುರದಿಂದ ಓಡಿಸಿಕೊಂಡು ಬರುತ್ತಿದ್ದರು. ಟಾಟಾದವರು 1954ರಿಂದ ಅಲ್ಲಿ ಲಾರಿ ಮಾಡುತ್ತಿದ್ದಾರೆ, ಮೊದಲಿಗೆ ಜರ್ಮನಿಯ ಬೆಂಜ್ ಕಂಪನಿ ಜೊತೆ ಸೇರಿ. ಕೂರಲು ಒಂದು ಮರದ ಪೆಟ್ಟಿಗೆ, ಹಗ್ಗ ಹಾಕಿ ಕಟ್ಟಿದ್ದು. ತಲೆಗೆ ಟವೆಲ್, ಕಣ್ಣಿಗೆ ಕನ್ನಡಕ. ಒರಿಸ್ಸಾ, ಆಂಧ್ರ ದಾಟಿ ವಾರದ ಮೇಲೆ ಪ್ರಯಾಣ. ಮಳೆ ಬಂದರೆ ಮಳೆ, ಬಿಸಿಲು ಬಂದರೆ ಬಿಸಿಲು.

ಇದೆಲ್ಲಾ ನನಗೆ ಗೊತ್ತಿರಲಿಲ್ಲ ಅಂತಲ್ಲ. ಚಿಕ್ಕಂದಿನಲ್ಲಿ ಕೇಳಿದ್ದೆ. ಆದರೆ ನಾನು ಕಟ್ಟಿದ್ದೂ ಅದೇ ಅಂತ ಹೊಳೆದಿರಲಿಲ್ಲ ನೋಡಿ.

ಆ ಸಂಜೆ ಅಪ್ಪನಿಗೆ ಸೆವೆನ್ ಕಥೆ ಹೇಳಿದೆ. ಲೋಟಸ್ ಕಂಪನಿಯ ಕಾಲಿನ್ ಚಾಪ್‌ಮನ್ 1957ರಲ್ಲಿ ಇದನ್ನು ಮಾರುಕಟ್ಟೆಗೆ ಬಿಟ್ಟಿದ್ದು. ಪೂರ್ತಿ ಕಾರಾದರೆ ಇಲ್ಲಿ ಖರೀದಿ ತೆರಿಗೆ, ಬಿಡಿ ಸಾಮಾನಾದರೆ ಇಲ್ಲ. ಅದಕ್ಕೇ ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಮಾರಿದರು. ಜೋಡಿಸುವುದು ಹೇಗೆ ಅಂತ ಬರೆದು ಕೊಡುವ ಹಾಗಿರಲಿಲ್ಲವಂತೆ, ಅದಕ್ಕೆ ಬಿಚ್ಚುವುದು ಹೇಗೆ ಅಂತ ಬರೆದು ಕೊಟ್ಟರಂತೆ. ಗಿರಾಕಿ ಅದನ್ನು ಕೊನೆಯಿಂದ ಮೊದಲಿಗೆ ಓದಿಕೊಳ್ಳಬೇಕು. 1973ರಲ್ಲಿ ಆ ತೆರಿಗೆ ಹೋಗಿ ವ್ಯಾಟ್ ಬಂತು. ಅದೇ ವರ್ಷ ಲೋಟಸ್ ಇದನ್ನು ಕೇಟರ್‌ಹ್ಯಾಮ್‌ನವರಿಗೆ ಬಿಟ್ಟುಕೊಟ್ಟಿತು. ಅವರು ಇವತ್ತಿಗೂ ಮಾಡುತ್ತಿದ್ದಾರೆ. ಅಪ್ಪ ಎಲ್ಲಾ ಕೇಳಿಸಿಕೊಂಡು, "ಚೆಕ್‌ಪೋಸ್ಟ್ ತಪ್ಪಿಸೋ ಬುದ್ಧಿ ಎಲ್ಲಾ ಊರಲ್ಲೂ ಒಂದೇ ಅನ್ನು" ಅಂದು ಮಲಗಲು ಹೋದರು.

ಶನಿವಾರದ ವಿಷಯಕ್ಕೆ ಬರುತ್ತೇನೆ.

ಪಕ್ಕದ ಬೀದಿಯಲ್ಲಿ ಒಬ್ಬ ಮುದುಕ ಇದ್ದಾನೆ, ರಿಟೈರ್ಡ್ ಫಿಟ್ಟರ್. ಒಳ್ಳೆಯವನು, ಆದರೆ ಹೊಗಳುವುದಕ್ಕೆ ದುಡ್ಡು ಕೊಡಬೇಕೇನೋ ಅನ್ನೋ ಹಾಗೆ ಮಾತಾಡುತ್ತಾನೆ. ಅವನ ಹತ್ತಿರ ನಾಲ್ಕು ತೂಕದ ತಟ್ಟೆಗಳಿವೆ, ಒಂದೊಂದು ಚಕ್ರದ ಕೆಳಗೆ ಒಂದೊಂದು ಇಡುವುದು. ಯಾವ ಚಕ್ರದ ಮೇಲೆ ಎಷ್ಟು ಭಾರ ಅಂತ ಸಣ್ಣ ಡಬ್ಬಿಯಲ್ಲಿ ಅಂಕಿ ಬರುತ್ತದೆ. ಹೋಟೆಲಿನಲ್ಲಿ ಒಂದು ಕಾಲು ಗಿಡ್ಡ ಇರುವ ಟೇಬಲ್ ನೋಡಿದ್ದೀರಲ್ಲ? ಮಾಣಿ ಕಾಗದ ಮಡಚಿ ಇಡುತ್ತಾನಲ್ಲ, ಇಲ್ಲೂ ಅದೇ ಕೆಲಸ. ಟೇಬಲ್ ಅಲ್ಲಾಡಿ ತೋರಿಸುತ್ತದೆ, ಕಾರು ತೋರಿಸಲ್ಲ. ಸ್ಪ್ರಿಂಗ್ ನಾಲ್ಕೂ ಚಕ್ರವನ್ನು ನೆಲಕ್ಕೆ ಒತ್ತಿರುತ್ತದೆ, ಆದರೆ ಒಂದು ಮೂಲೆಯಿಂದ ಎದುರು ಮೂಲೆಗೆ ಭಾರ ಹೆಚ್ಚು ಕಮ್ಮಿ ಆಗಿರುತ್ತದೆ. ಆಗ ಎಡಕ್ಕೆ ತಿರುಗಿದಾಗ ಒಂದು ಥರ, ಬಲಕ್ಕೆ ಇನ್ನೊಂದು ಥರ. ಸ್ಪ್ರಿಂಗಿನ ಕೆಳಗಿರುವ ಬಳೆಯನ್ನು ಒಂದೆರಡು ಸುತ್ತು ತಿರುಗಿಸಿ ಸರಿ ಮಾಡಬೇಕು. ದೊಡ್ಡ ಕಾರಿನಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲ್ಲ. ಇಷ್ಟು ಹಗುರದ್ದಕ್ಕೆ ಐದು ಕೆಜಿ ಕೂಡ ಗೊತ್ತಾಗುತ್ತದೆ.

ಖಾಲಿ ಕಾರು 618 ಕೆಜಿ ತೋರಿಸಿತು. ನನಗೆ ಹೆಮ್ಮೆ. ಮುದುಕ "ಪರವಾಗಿಲ್ಲ" ಅಂದ, ಅವನ ಲೆಕ್ಕದಲ್ಲಿ ಅದು ಸನ್ಮಾನ. ಆದರೆ ಡ್ರೈವರ್ ಕೂತೇ ತೂಗಬೇಕು, ಯಾಕೆಂದರೆ ಇಂಥ ಕಾರಿನಲ್ಲಿ ಡ್ರೈವರೇ ದೊಡ್ಡ ಲಗೇಜು. ಕೂತೆ. 702.

ಮುದುಕ ಡಬ್ಬಿ ನೋಡಿದ. ನನ್ನ ಹೊಟ್ಟೆ ನೋಡಿದ. "ಎಂಬತ್ನಾಲ್ಕು" ಅಂದ. "ಬ್ಯಾಟರಿಗೆ ಎಷ್ಟು ಕೊಟ್ಟೆ ಅಂದೆ?"

ಹಿಂದಿನ ಬಲಗಡೆ ಚಕ್ರ 156 ಇದ್ದದ್ದು 204ಕ್ಕೆ ಏರಿತ್ತು. ಅಪ್ಪ ಡಬ್ಬಿಯ ಹತ್ತಿರ ನಿಂತಿದ್ದರು. ಇಂಗ್ಲಿಷ್ ಬರಲ್ಲ, ಅಂಕಿ ಬರುತ್ತದೆ. "ಎಲ್ಲಾ ಹಿಂದಿನ ಬಲಗಾಲಿಗೇ ಬಿತ್ತಲ್ಲೋ" ಅಂದರು. ನಾನು ಅರ್ಧ ಗಂಟೆ ವಿವರಿಸಿ ಹೇಳಬೇಕು ಅಂದುಕೊಂಡಿದ್ದೆ. ಬರೀ ಚಾಸಿಯಲ್ಲಿ ಹಿಂದೆ ಭಾರ ಇರಲ್ಲ, ಬ್ರೇಕ್ ಜೋರಾಗಿ ಒತ್ತಿದರೆ ಹಿಂದಿನ ಗಾಲಿ ಕಚ್ಚಿಕೊಂಡು ಗಾಡಿ ಅಡ್ಡ ತಿರುಗುತ್ತೆ ಅಂತ ಅವರೇ ನನಗೆ ಹೇಳಿದರು. ಇಪ್ಪತ್ತೈದು ವರ್ಷಕ್ಕೇ ಅವರ ಸೊಂಟಕ್ಕೆ ಗೊತ್ತಿದ್ದ ವಿಷಯಕ್ಕೆ ನಾನು ತಟ್ಟೆ ಎರವಲು ತಂದಿದ್ದೆ.

ಅಷ್ಟರಲ್ಲಿ ಅಪ್ಪ ಶೂ ಬಿಚ್ಚಿ, ಒಂದರ ಪಕ್ಕ ಒಂದು ಜೋಡಿಸಿ, ಮುಂದಿನ ಚಕ್ರದ ಹತ್ತಿರ ಇಟ್ಟಿದ್ದರು. ಶೂ ಬಿಗಿ ಅಂತ ದಿನಾ ಗೊಣಗುತ್ತಾರೆ, ಅದಕ್ಕೇ ಇರಬೇಕು ಅಂದುಕೊಂಡೆ. ಮುದುಕ ಸ್ಪ್ಯಾನರ್ ಹುಡುಕುತ್ತಿದ್ದ. ಅಪ್ಪ ನನ್ನ ಹೆಗಲು ಮುಟ್ಟಿ ಹೇಳಿದರು.

"ನೀನು ಸ್ವಲ್ಪ ಇಳಿ."

ಏನಂದರು ಅಂತ ಮುದುಕ ಕೇಳಿದ. ನಾನು ಒಂದು ಕ್ಷಣ ಕೂಡ ಯೋಚಿಸಲಿಲ್ಲ. "ಕಾರಲ್ಲ, ನಾನು ತೂಕ ಇಳಿಸಬೇಕಂತೆ" ಅಂತ ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ. ಮುದುಕ ಸ್ಪ್ಯಾನರ್ ಕೆಳಗಿಟ್ಟು ನಕ್ಕ. ಮೂರು ವರ್ಷದಲ್ಲಿ ಅವನು ಅಷ್ಟು ನಕ್ಕಿದ್ದು ನೋಡಿಲ್ಲ. ಅಪ್ಪನ ಬೆನ್ನು ತಟ್ಟಿದ. ನಾನೂ ನಕ್ಕೆ. ನಾವಿಬ್ಬರೂ ನಗುತ್ತಿದ್ದೇವೆ ಅಂತ ಅಪ್ಪನೂ ಸ್ವಲ್ಪ ನಕ್ಕರು. ಆಮೇಲೆ ಶೂ ಕೈಯಲ್ಲಿ ಹಿಡಿದುಕೊಂಡು, ಬರೀ ಸಾಕ್ಸಿನಲ್ಲೇ ಒಳಗೆ ಹೋದರು.

ರಾತ್ರಿ ಹೆಂಡತಿಗೆ ಇದನ್ನೇ ಜೋಕು ಅಂತ ಹೇಳಿದೆ. ಅವಳು ನಗಲಿಲ್ಲ. "ಮಾವ ಇಳಿ ಅಂದ್ರೆ ಇಳಿ ಅಂದಿದ್ದಾರೆ ಅಷ್ಟೇ. ಅವರು ಕೂತ್ಕೋಬೇಕಿತ್ತು" ಅಂದು ದೀಪ ಆರಿಸಿದಳು.

ಆಗ ಶೂ ನೆನಪಾಯಿತು. ಲಾರಿ ಹತ್ತುವಾಗ ಅಪ್ಪ ಒಂದು ದಿನಕ್ಕೂ ಚಪ್ಪಲಿ ಹಾಕಿ ಹತ್ತಿದವರಲ್ಲ. ಚಪ್ಪಲಿ ಬಿಚ್ಚಿ, ಸ್ಟೇರಿಂಗ್ ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಆಮೇಲೆ ಕೂರುವುದು. ಅದು ನನಗೆ ಗೊತ್ತು. ಕಣ್ಣೆದುರು ಇತ್ತು. ಆದರೂ ನನ್ನ ಬಾಯಿಂದ ಬಂದದ್ದು ಜೋಕು. ಅದೂ ಇಂಗ್ಲಿಷಿನಲ್ಲಿ, ಬೇರೆಯವನನ್ನು ನಗಿಸಲಿಕ್ಕೆ.

ನಿದ್ದೆ ಬರಲಿಲ್ಲ. ಇಲ್ಲಿಗೆ ಬಂದ ಅಪ್ಪ ಅಮ್ಮಂದಿರ ಮಾತನ್ನು ನಾವೆಲ್ಲಾ ಹೀಗೇ ಮಾಡುತ್ತೇವೆ, ಅಲ್ವಾ? ಸೂಪರ್‌ಮಾರ್ಕೆಟ್ಟಿನಲ್ಲಿ ಅಮ್ಮ ಏನೋ ಕೇಳುತ್ತಾರೆ, ಕೌಂಟರಿನ ಹುಡುಗಿ ಮುಖ ನೋಡುತ್ತಾಳೆ, ನಾವು ಒಂದು ತಮಾಷೆಯ ಸಾಲು ಮಾಡಿ ದಾಟಿಸಿಬಿಡುತ್ತೇವೆ. ಕೇಳಿದ್ದು ಅಲ್ಲೇ ಉಳಿಯುತ್ತದೆ. ಐದು ವಾರದಲ್ಲಿ ಅಪ್ಪನನ್ನು ವಾರ್ವಿಕ್ ಕೋಟೆಗೆ ಕರೆದುಕೊಂಡು ಹೋದೆ, ಲಂಡನ್ನಿಗೆ ಕರೆದುಕೊಂಡು ಹೋದೆ, ಎರಡು ದೇವಸ್ಥಾನ. ಅವರು ಎಲ್ಲದಕ್ಕೂ "ಚೆನ್ನಾಗಿದೆ" ಅಂದರು. ಬಾಯಿ ಬಿಟ್ಟು ಬೇಕು ಅಂತ ಕೇಳಿದ್ದು ಈ ಕಾರಿನಲ್ಲಿ ಕೂರುವುದೊಂದೇ. ಅದಕ್ಕೆ ಗಾಜಿಲ್ಲ, ಬಾಗಿಲಿಲ್ಲ. ಇಂಥದ್ದೇ ಬರೀ ಚಾಸಿ ಅವರಿಗೆ ಹೊಟ್ಟೆಪಾಡಿಗೆ ಸಿಕ್ಕಿತ್ತು. ನಾನು ಸಾವಿರಾರು ಪೌಂಡ್ ಸುರಿದು ಅದರ ಹತ್ತಿರ ಹೋಗಲು ಒದ್ದಾಡುತ್ತಿದ್ದೇನೆ. ಇದರಲ್ಲಿ ಯಾರು ಜಾಣರು ಅಂತ ನನಗಂತೂ ಅನುಮಾನ ಉಳಿದಿಲ್ಲ.

ಭಾನುವಾರ ಬೆಳಿಗ್ಗೆ ತಿಂಡಿ ಆದ ಮೇಲೆ, "ಅಪ್ಪ, ಬಾ, ತಟ್ಟೆ ವಾಪಸ್ ಕೊಡೋದ್ರೊಳಗೆ ನಿನ್ನನ್ನೂ ತೂಗೋಣ" ಅಂದೆ. ಕ್ಷಮೆ ಕೇಳಲು ನಮ್ಮ ಮನೆಯಲ್ಲಿ ಯಾರಿಗೂ ಬರಲ್ಲ. ಇಷ್ಟೇ ಬರುವುದು.

ಶೂ ಬಿಚ್ಚಿಟ್ಟರು. ಕಾರಿನ ಸ್ಟೇರಿಂಗ್ ಚಕ್ರವನ್ನೇ ತೆಗೆದು ಪಕ್ಕಕ್ಕಿಟ್ಟೆ. ಈ ಕಾರಿಗೆ ಹತ್ತುವುದಲ್ಲ, ಇಳಿಯುವುದು. ಒಂದು ಕಾಲು ಸೀಟಿನ ಮೇಲೆ, ಕೈ ಎರಡೂ ಕಡೆ ಊರಿ, ಕೆಳಗೆ ಜಾರಿ, ಕಾಲು ಮುಂದೆ ಚಾಚಬೇಕು. ಅವರ ಮಂಡಿ ಸದ್ದು ಮಾಡಿತು. ಸ್ಟೇರಿಂಗ್ ಕ್ಲಿಕ್ ಅಂತ ಕೂರಿಸಿ ಕೊಟ್ಟೆ. ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಡಬ್ಬಿಯಲ್ಲಿ 675. ಅಂದರೆ ಅಪ್ಪ 57.

ಓಡಿಸಲು ಕೊಡುವ ಹಾಗಿಲ್ಲ, ಇನ್ಶೂರೆನ್ಸು ನನ್ನೊಬ್ಬನ ಹೆಸರಿನಲ್ಲಿದೆ. ಸ್ಟಾರ್ಟ್ ಮಾಡಿ ಕೊಟ್ಟೆ. ಕ್ಲಚ್ ಒತ್ತಿ ಗೇರ್ ಕಡ್ಡಿ ಅಲ್ಲಾಡಿಸಿದರು. ಅದು ಹೆಬ್ಬೆರಳಿನಷ್ಟು ಉದ್ದ, ಸರಿಯುವುದು ಎರಡು ಬೆರಳಿನಷ್ಟು. "ಇಷ್ಟೇನಾ?" ಅಂದರು. ಇನ್ನೊಂದು ಸಲ ಮಾಡಿದರು. ಒಂದು, ಎರಡು, ಮೂರು, ನಾಲ್ಕು. ಕಣ್ಣು ಗ್ಯಾರೇಜಿನಿಂದಾಚೆ ರಸ್ತೆ ಮೇಲಿತ್ತು. ಎಡಗೈ ಗೇರಿನ ಮೇಲೆ, ಬಲಗೈ ಮೊಣಕೈ ಹೊರಗೆ, ಬಾಗಿಲೇ ಇಲ್ಲದ ಕಡೆ ಬಾಗಿಲ ಮೇಲೆ ಇಟ್ಟ ಹಾಗೆ.

ಟೀ ಆಯಿತು ಅಂತ ಹೆಂಡತಿ ಒಳಗಿಂದ ಕೂಗಿದಳು. "ಇಲ್ಲಿಗೇ ತಗೊಂಡು ಬಾ" ಅಂದರು ಅಪ್ಪ, ಎಂಜಿನ್ ಸದ್ದಿನ ಮೇಲೆ.

ಎರಡು ಲೋಟ ತಂದೆ. ಒಂದು ಗುಟುಕು ಕುಡಿದು ಅವರು ಲೋಟ ಇಡಲು ಜಾಗ ಹುಡುಕಿದರು. ಅದನ್ನು ನಾನು ಯಾವತ್ತೋ ಕಿತ್ತು ಹಾಕಿದ್ದೆ, 200 ಗ್ರಾಂ ಉಳಿಯುತ್ತೆ ಅಂತ. ಲೋಟ ನನ್ನ ಕೈಗೇ ಕೊಟ್ಟು ಮತ್ತೆ ಗೇರಿಗೆ ಕೈ ಹಾಕಿದರು. ಎರಡೂ ಕೈಯಲ್ಲಿ ಒಂದೊಂದು ಲೋಟ ಹಿಡಿದುಕೊಂಡು ನಾನು ಪಕ್ಕದಲ್ಲಿ ನಿಂತಿದ್ದೆ, ಕ್ಲೀನರ್ ಹುಡುಗನ ಹಾಗೆ.