ಅಪ್ಪನ ಜೆರಾಕ್ಸ್ ಪ್ರತಿಗಳು

ಕಳೆದ ವಾರ ಫ್ರಾಂಕ್‌ಫರ್ಟಿನಲ್ಲಿ ದತ್ತಾಂಶ ಗೋಪ್ಯತೆ ಮತ್ತು ಸೈಬರ್ ಭದ್ರತೆಯನ್ನು ಕುರಿತು ನಡೆದ ಸಮ್ಮೇಳನಕ್ಕೆ ಕಚೇರಿಯ ಪರವಾಗಿ ಹೋಗಿದ್ದೆ. ಮಾತನಾಡಿದವರೆಲ್ಲ ವಕೀಲರು. ಅವರಲ್ಲೊಬ್ಬ ಮಹಿಳೆ, 1983ರಲ್ಲಿ ಕಾರ್ಲ್ಸ್‌ರೂಹೆಯಲ್ಲಿರುವ ಜರ್ಮನಿಯ ಸಂವಿಧಾನ ನ್ಯಾಯಾಲಯವು ಜನಗಣತಿ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು ವಿವರಿಸಿದರು. ತನ್ನ ಮಾಹಿತಿ ಯಾರ ಕೈಗೆ, ಯಾವ ಕೆಲಸಕ್ಕೆ ಹೋಗಬೇಕೆಂಬುದನ್ನು ನಿರ್ಧರಿಸುವ ಹಕ್ಕು ಮೂಲತಃ ಆಯಾ ವ್ಯಕ್ತಿಯದೇ ಎಂದ ತೀರ್ಪು ಅದು. ಅದರ ಪಕ್ಕದಲ್ಲಿ ಅವರು ಪರದೆಯ ಮೇಲೆ ಮೂಡಿಸಿದ ಇನ್ನೊಂದು ಹೆಸರು: ಪುಟ್ಟಸ್ವಾಮಿ, 2017.

ಅಕ್ಷರ ಬಿಡಿಸಿ ಬಿಡಿಸಿ ಅವರು ಆ ಹೆಸರನ್ನು ಓದಿದಾಗ ನನ್ನ ಕಣ್ಣು ತುಂಬಿ ಬಂತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಖಾಸಗಿತನವು ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಸಾರಿದ್ದು ಅದೇ ಪ್ರಕರಣದಲ್ಲಿ.

ಬಳಿಕ ಚರ್ಚೆ 72 ಗಂಟೆಗಳ ನಿಯಮದ ಕಡೆಗೆ ಹೊರಳಿತು. ಮಾಹಿತಿ ಸೋರಿದ್ದು ತಿಳಿದ 72 ಗಂಟೆಗಳೊಳಗೆ ಆ ಸಂಸ್ಥೆಯು ದತ್ತಾಂಶ ಸಂರಕ್ಷಣೆಯ ಪ್ರಾಧಿಕಾರಕ್ಕೆ ವರದಿ ಮಾಡಬೇಕೆಂದು 2018ರ ಮೇ 25ರಿಂದ ಜಾರಿಯಲ್ಲಿರುವ ಯುರೋಪಿನ ಕಾನೂನು ಹೇಳುತ್ತದೆ. ಹಾಗಾದರೆ 'ತಿಳಿದ' ಗಳಿಗೆ ಯಾವುದು? ರಾತ್ರಿ ಪಾಳಿಯ ತಂತ್ರಜ್ಞನಿಗೆ ಅನುಮಾನ ಬಂದಾಗಲೋ, ಬೆಳಿಗ್ಗೆ ಅದು ಖಚಿತವಾದಾಗಲೋ? ಈ ಒಂದು ಪದಕ್ಕಾಗಿ ವಕೀಲರು ಬಹಳ ಹೊತ್ತು ವಾದಿಸಿದ್ದು ನನಗೆ ಗೌರವ ಹುಟ್ಟಿಸಿತು.

ಸಂಜೆ ಇದನ್ನೆಲ್ಲ ಹೆಮ್ಮೆಯಿಂದ ಪಕ್ಕದ ಮನೆಯ ಅಜ್ಜಿಗೆ ಹೇಳಿದೆ. ಅವರು ಲೈಪ್‌ಜಿಗ್‌ನವರು, ಪೂರ್ವ ಜರ್ಮನಿಯ ಗುಪ್ತ ಪೊಲೀಸರು ಬರೆದಿಟ್ಟ ಕಡತಗಳನ್ನು 1992ರಲ್ಲಿ ಜನರಿಗೆ ತೆರೆದಾಗ ತಮ್ಮ ಕಡತವನ್ನು ತಾವೇ ಓದಿದವರು. ಎಲ್ಲವನ್ನೂ ಕೇಳಿಸಿಕೊಂಡು, "ನನ್ನ ವಿಷಯ ಬರೆದುಕೊಟ್ಟವರು ಯಾರೆಂದು ನನಗೆ ಕೊನೆಗಾದರೂ ಗೊತ್ತಾಯಿತು. ನಿಮ್ಮ ತಂದೆಯವರ ಕಾಗದಗಳು ಈಗ ಯಾರ ಮನೆಯಲ್ಲಿವೆ, ನಿಮಗೆ ಗೊತ್ತೇ?" ಎಂದರು.

ಹೋದ ವರ್ಷ ಅಪ್ಪ ಇಲ್ಲಿ ಜರ್ಮನಿಗೆ ಬಂದಿದ್ದಾಗ ಅಜ್ಜಿಯೂ ಸೇರಿ ನಾವು ಮೂವರೂ ಬಡಾವಣೆಯ ಗ್ರಂಥಾಲಯಕ್ಕೆ ಹೋಗಿದ್ದೆವು. ಅಲ್ಲಿ ಅಪ್ಪ ರಬ್ಬರ್ ಬ್ಯಾಂಡ್ ಹಾಕಿದ ಪ್ಲಾಸ್ಟಿಕ್ ಕವರಿನಿಂದ ಪಾಸ್‌ಪೋರ್ಟಿನ ಜೊತೆಗೆ ಅದರ ಪ್ರತಿಯನ್ನೂ, ಆಧಾರ್ ಕಾರ್ಡಿನ ಪ್ರತಿಯನ್ನೂ ತೆಗೆದು ಮೇಜಿನ ಮೇಲಿಟ್ಟರು. ಸಿಬ್ಬಂದಿಯಾಕೆ ಪಾಸ್‌ಪೋರ್ಟನ್ನಷ್ಟೇ ನೋಡಿ, ಪ್ರತಿಗಳನ್ನು ಮಡಚಿ ಹಿಂದಿರುಗಿಸಿದರು. ಏನೋ ತಪ್ಪು ಮಾಡಿದವರಂತೆ ಅಪ್ಪ ಅವನ್ನು ಕವರಿಗೆ ಸೇರಿಸಿದ್ದನ್ನು ಅಜ್ಜಿ ಮರೆತಿರಲಿಲ್ಲ.

ಊರಿನಲ್ಲಿ ಆ ಕವರು ಖಾಲಿಯಾಗುತ್ತಲೇ ಇರುತ್ತದೆ. ಸಿಮ್ ಅಂಗಡಿ, ಗ್ಯಾಸ್ ಏಜೆನ್ಸಿ, ಯಾತ್ರಾಸ್ಥಳದ ವಸತಿಗೃಹ, ಎಲ್ಲರಿಗೂ ಒಂದೊಂದು ಪ್ರತಿ. ಒಮ್ಮೆ ಬಸ್‌ ನಿಲ್ದಾಣದಲ್ಲಿ ಕೊಂಡ ಕಡಲೆಕಾಯಿಯ ಪೊಟ್ಟಣವನ್ನು ಬಿಡಿಸಿದಾಗ, ಯಾರೋ ಹೆಣ್ಣುಮಗಳ ಭಾವಚಿತ್ರ, ವಿಳಾಸ, ಸಹಿಯಿದ್ದ ಅರ್ಜಿ ಕಂಡಿತ್ತು. ಆಗ ನಾನು ಅದನ್ನು ಮುದುರಿ ಎಸೆದು ಬಸ್ಸು ಹತ್ತಿದ್ದೆ. ಆಕೆಯ ಮಟ್ಟಿಗೆ 72 ಗಂಟೆಗಳ ಎಣಿಕೆ ಶುರುವಾಗುವುದೇ ಇಲ್ಲ. ನಮ್ಮ 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅನ್ವಯವಾಗುವುದು ಡಿಜಿಟಲ್ ರೂಪದ ಮಾಹಿತಿಗೆ ಮಾತ್ರ, ಕಂಪ್ಯೂಟರಿಗೆ ಏರದೆ ಕಪಾಟಿನಲ್ಲೇ ಉಳಿದ ಕಾಗದಕ್ಕಲ್ಲ. ಯುರೋಪಿನ ಕಾನೂನಾದರೋ ಕ್ರಮವಾಗಿ ಜೋಡಿಸಿಟ್ಟ ಕಾಗದದ ಕಡತಗಳನ್ನೂ ಒಳಗೊಳ್ಳುತ್ತದೆ. ಪುಟ್ಟಸ್ವಾಮಿಯವರ ನಾಡಿನವನಾಗಿ ಈ ಕೊರತೆ ನನ್ನನ್ನು ನೋಯಿಸುತ್ತದೆ.

ಭಾನುವಾರ ಅಪ್ಪನಿಗೆ ಫೋನ್ ಮಾಡಿ, ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ ಮರೆಮಾಚಿದ ಆಧಾರನ್ನು ಡೌನ್‌ಲೋಡ್ ಮಾಡುವ ಬಗೆಯನ್ನು ಹೇಳಿಕೊಟ್ಟೆ; ಪ್ರತಿ ಕೊಡಲೇಬೇಕಾದರೆ ಅದರ ಮೇಲೆ ಅಡ್ಡಲಾಗಿ ಉದ್ದೇಶವನ್ನೂ ದಿನಾಂಕವನ್ನೂ ಬರೆಯುವಂತೆ ಕೇಳಿಕೊಂಡೆ. ಅಪ್ಪ ತಾಳ್ಮೆಯಿಂದ ಎಲ್ಲವನ್ನೂ ಬರೆದುಕೊಂಡರು. ಆಮೇಲೆ, "ಸರಿ ಮಗಾ, ಹಾಗೇ ಮಾಡ್ತೀನಿ. ಆದರೆ ಪೂರ್ತಿ ನಂಬರ್ ಕಾಣೋ ಪ್ರತಿನೇ ಬೇಕು ಅಂತ ಅವರು ಹಟ ಹಿಡಿದರೆ ನಾನೇನು ಹೇಳಲಿ?" ಎಂದು ಕೇಳಿದರು.