ಗೇಜ್ ಬದಲಾಗುವ ಊರು ಪೋರ್ಟ್‌ಬೌ

ಬಾರ್ಸಿಲೋನಾದಿಂದ ಪ್ಯಾರಿಸ್‌ಗೆ ಹೋಗುವವರಿಗೆ ಈಗ ಸ್ಪೇನ್-ಫ್ರಾನ್ಸ್ ಗಡಿಯ ಪುಟ್ಟ ಊರು ಪೋರ್ಟ್‌ಬೌ ಕಣ್ಣಿಗೇ ಬೀಳುವುದಿಲ್ಲ. 2013ರಿಂದ ನೇರ ಹೈಸ್ಪೀಡ್ ರೈಲು ಇದೆ. ಅದು ಕರಾವಳಿಯಿಂದ ದೂರ, ಬೆಟ್ಟದ ಹೊಟ್ಟೆಯೊಳಗೆ ಗಡಿ ದಾಟಿಬಿಡುತ್ತದೆ. ನಾನು ಬೇಕೆಂದೇ ಹಳೆಯ ಲೈನಿನ ನಿಧಾನದ ರೈಲು ಹಿಡಿದೆ. ಫಿಗೆರೆಸ್ ದಾಟುವಷ್ಟರಲ್ಲಿ ಬೋಗಿ ಹೆಚ್ಚುಕಡಿಮೆ ಖಾಲಿ. ಆಮೇಲೆ ಸುರಂಗ, ಬಲಕ್ಕೆ ಒಂದಿಷ್ಟು ನೀಲಿ ಸಮುದ್ರ, ಮತ್ತೆ ಸುರಂಗ. ಸ್ಪೇನಿನ ಈ ಕರಾವಳಿಯ ಕಟ್ಟಕಡೆಯ ಊರು ಬಂತು.

ಇಳಿದವನು ಸ್ವಲ್ಪ ಹೊತ್ತು ನಿಲ್ದಾಣದಲ್ಲೇ ನಿಂತೆ. ಊರಲ್ಲಿ ಇರುವವರು ಸಾವಿರದ ಚಿಲ್ಲರೆ ಜನ. ನಿಲ್ದಾಣವೋ ದೊಡ್ಡ ನಗರವೊಂದಕ್ಕೆ ಸಾಕಾಗುವಂಥದ್ದು. ತಲೆಯ ಮೇಲೆ ಕಬ್ಬಿಣ ಮತ್ತು ಗಾಜಿನ ಭಾರೀ ಚಾವಣಿ. 1929ರಲ್ಲಿ ಬಾರ್ಸಿಲೋನಾದಲ್ಲಿ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ನಡೆದಾಗ ಕಟ್ಟಿದ್ದು. ಪ್ಲಾಟ್‌ಫಾರ್ಮ್ ಉದ್ದಕ್ಕೂ ಅಷ್ಟು ಜಾಗ, ಓಡಾಡುವವರು ಬೆರಳೆಣಿಕೆ.

ಇಷ್ಟು ದೊಡ್ಡ ನಿಲ್ದಾಣ ಇಲ್ಲಿ ಯಾಕೆ? ಹಳಿಯ ಅಗಲದಿಂದಾಗಿ. ಫ್ರಾನ್ಸಿನ ಹಳಿ 1435 ಮಿಲಿಮೀಟರ್, ಸ್ಪೇನಿನದು 1668. ಒಂದು ದೇಶದ ರೈಲು ಇನ್ನೊಂದರ ಹಳಿಯ ಮೇಲೆ ಹೋಗುವ ಹಾಗಿಲ್ಲ. ಜನ ಇಳಿಯಬೇಕು, ಸಾಮಾನು ಇಳಿಸಬೇಕು, ಇನ್ನೊಂದು ರೈಲಿಗೆ ಹತ್ತಿಸಬೇಕು. ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಮ್ಮ ಕಡೆಯಿಂದ ಮೀಟರ್ ಗೇಜಿನಲ್ಲಿ ಬೆಂಗಳೂರಿಗೆ ಹೋಗಿ, ಮದ್ರಾಸಿನ ಬ್ರಾಡ್ ಗೇಜ್ ಗಾಡಿ ಹತ್ತುತ್ತಿದ್ದ ಕಾಲ ನೆನಪಿದೆ. ಅಂದ ಹಾಗೆ ನಮ್ಮ ಬ್ರಾಡ್ ಗೇಜ್ 1676 ಮಿಲಿಮೀಟರ್. ಸ್ಪೇನಿನದಕ್ಕಿಂತ ಬರೀ ಎಂಟು ಮಿಲಿಮೀಟರ್ ಜಾಸ್ತಿ! ಅಷ್ಟು ದೂರದ ದೇಶದಲ್ಲಿ ಹಳಿ ನೋಡಿ ಮನೆಯವರನ್ನು ಕಂಡಷ್ಟು ಖುಷಿಯಾಯಿತು.

ಪ್ಲಾಟ್‌ಫಾರ್ಮಿನ ಉತ್ತರದ ತುದಿಗೆ ಹೋದರೆ ಗಡಿಯ ಸುರಂಗದ ಕಡೆಗೆ ಎರಡೂ ಅಳತೆಯ ಹಳಿಗಳು ಸಾಗುವುದು ಕಾಣುತ್ತದೆ. ಒಂದರ ಮೇಲೆ ಸ್ಪೇನಿನ ರೈಲು ಗಡಿಯಾಚೆಯ ಮೊದಲ ಊರು ಸೆರ್ಬೇರ್‌ವರೆಗೆ ಹೋಗುತ್ತದೆ. ಇನ್ನೊಂದರ ಮೇಲೆ ಫ್ರಾನ್ಸಿನ ರೈಲು ಪೋರ್ಟ್‌ಬೌವರೆಗೆ ಬರುತ್ತದೆ. ಪರಸ್ಪರರ ಮನೆಯ ಜಗಲಿವರೆಗೆ ಮಾತ್ರ.

1878ರಲ್ಲಿ ರೈಲು ಬರುವ ಮುಂಚೆ ಇಲ್ಲಿ ಮೀನುಗಾರರ ಒಂದಷ್ಟು ಗುಡಿಸಲು ಬಿಟ್ಟರೆ ಏನೂ ಇರಲಿಲ್ಲ. ಊರನ್ನು ಸಾಕಿದ್ದು ರೈಲು ಮತ್ತು ಕಸ್ಟಮ್ಸ್. ನಿಲ್ದಾಣದಿಂದ ಇಳಿದು ಸಮುದ್ರದ ದಂಡೆಯಲ್ಲಿದ್ದ ಒಂದು ಚಿಕ್ಕ ಹೋಟೆಲಿನಲ್ಲಿ ಕೂತೆ. ಟೊಮೆಟೊ ಉಜ್ಜಿ ಎಣ್ಣೆ ಹಾಕಿದ ಬ್ರೆಡ್ಡು, ಅದರ ಮೇಲೆ ಉಪ್ಪಿನಲ್ಲಿ ಹಾಕಿಟ್ಟ ಪುಟ್ಟ ಮೀನು. ಹೋಟೆಲಿನ ಯಜಮಾನಿ ವಯಸ್ಸಾದವರು. ಅವರ ತಂದೆ ಕಸ್ಟಮ್ಸ್ ಏಜೆಂಟರ ಆಫೀಸಿನಲ್ಲಿ ಗುಮಾಸ್ತರಾಗಿದ್ದರಂತೆ. "ಆಗ ಬೀದಿಗೆ ನಾಲ್ಕು ಅಂಥ ಆಫೀಸು ಇದ್ವು. 93ರಲ್ಲಿ ಎಲ್ಲ ಮುಚ್ಚಿದ್ವು" ಎಂದರು. ಯುರೋಪಿನ ದೇಶಗಳ ನಡುವೆ ಸರಕು ತಪಾಸಣೆ ನಿಂತ ವರ್ಷ ಅದು. ಗಡಿ ತೆರೆದದ್ದು ಒಳ್ಳೆಯದೇ ಅಲ್ವಾ ಎಂದು ನಾವು ದೂರದಲ್ಲಿ ಕೂತು ಹೇಳುತ್ತೇವೆ. ಗಡಿಯಿಂದಲೇ ಅನ್ನ ತಿಂದ ಊರಿನಲ್ಲಿ ಕೂತಾಗ ಆ ಮಾತು ಅಷ್ಟು ಸುಲಭಕ್ಕೆ ಬಾಯಿಗೆ ಬರಲಿಲ್ಲ.

ಊಟ ಮುಗಿಸಿ ಸ್ಮಶಾನದ ಏರು ಹತ್ತಿದೆ. ಪೋರ್ಟ್‌ಬೌಗೆ ಬರುವ ಕೆಲವೇ ಕೆಲವರು ಬರುವುದು ಇದಕ್ಕಾಗಿಯೇ. 1940ರ ಸೆಪ್ಟೆಂಬರ್ ಕೊನೆಯಲ್ಲಿ ವಾಲ್ಟರ್ ಬೆಂಜಮಿನ್ ಎಂಬ ಜರ್ಮನ್ ಯಹೂದಿ ಚಿಂತಕ ನಾಜಿಗಳಿಂದ ತಪ್ಪಿಸಿಕೊಂಡು ಫ್ರಾನ್ಸಿನಿಂದ ಬೆಟ್ಟ ಹತ್ತಿ ಬಂದರು. 48 ವಯಸ್ಸು, ಹೃದಯ ಸರಿಯಿರಲಿಲ್ಲ. ಹತ್ತು ನಿಮಿಷ ನಡೆಯುವುದು, ಒಂದು ನಿಮಿಷ ನಿಲ್ಲುವುದು, ಹೀಗೆ ಲೆಕ್ಕ ಹಾಕಿ ನಡೆದರು ಎಂದು ದಾರಿ ತೋರಿಸಿದ ಲೀಸಾ ಫಿಟ್ಕೊ ಬರೆದಿದ್ದಾರೆ. ಕೈಯಲ್ಲಿ ಒಂದು ಕಪ್ಪು ಚೀಲ, ಅದರಲ್ಲಿ ಹಸ್ತಪ್ರತಿ. ಪೋರ್ಟ್‌ಬೌ ಪೊಲೀಸರು ಫ್ರಾನ್ಸಿನ ನಿರ್ಗಮನ ವೀಸಾ ಇಲ್ಲವೆಂದು ವಾಪಸ್ ಕಳಿಸುತ್ತೇವೆ ಎಂದರು. ಸೆಪ್ಟೆಂಬರ್ 26ರಂದು ಇಲ್ಲಿನ ಹೋಟೆಲ್ ಕೋಣೆಯಲ್ಲಿ ಅವರು ತೀರಿಕೊಂಡರು. ಮಾರ್ಫಿನ್ ತೆಗೆದುಕೊಂಡಿದ್ದರು ಎನ್ನುತ್ತಾರೆ. ಜೊತೆಗೆ ಬಂದವರನ್ನು ಆಮೇಲೆ ಮುಂದೆ ಹೋಗಲು ಬಿಟ್ಟರು. ಹಸ್ತಪ್ರತಿ ಸಿಗಲೇ ಇಲ್ಲ. ಹೆಸರನ್ನು ಹಿಂದುಮುಂದು ಮಾಡಿ 'ಬೆಂಜಮಿನ್ ವಾಲ್ಟರ್' ಎಂದು ದಾಖಲಿಸಿ, ಸ್ಮಶಾನದ ಕ್ಯಾಥೊಲಿಕರ ಭಾಗದಲ್ಲಿ, ಗೋಡೆಯೊಳಗಿನ ಐದು ವರ್ಷದ ಬಾಡಿಗೆಯ ಗೂಡಿನಲ್ಲಿ ಶವವನ್ನಿಟ್ಟರು. ಬಾಡಿಗೆಯ ಅವಧಿ ಮುಗಿದ ಮೇಲೆ ಎಲುಬುಗಳು ಸಾಮೂಹಿಕ ಗುಂಡಿಗೆ ಹೋದವು. ಸತ್ತ ಕೆಲವೇ ತಿಂಗಳಿಗೆ ಹುಡುಕಿಕೊಂಡು ಬಂದ ಗೆಳತಿ ಹನ್ನಾ ಅರೆಂಟ್‌ಗೂ ಆ ಹೆಸರು ಎಲ್ಲೂ ಕಾಣಲಿಲ್ಲ.

ಸ್ಮಶಾನದ ಬಾಗಿಲ ಬಳಿ ದಾನಿ ಕರವಾನ್ ಎಂಬ ಇಸ್ರೇಲಿ ಶಿಲ್ಪಿ ಮಾಡಿದ ಸ್ಮಾರಕವಿದೆ, 1994ರದ್ದು. ತುಕ್ಕು ಬಣ್ಣದ ಉಕ್ಕಿನ ಒಂದು ಇಕ್ಕಟ್ಟಾದ ಓಣಿ. ಮೆಟ್ಟಿಲುಗಳು ನೇರ ಸಮುದ್ರದ ಕಡೆಗೆ ಇಳಿಯುತ್ತವೆ. ಕಾಲಿಟ್ಟರೆ ಉಕ್ಕು ಧಣ್ ಧಣ್ ಎನ್ನುತ್ತದೆ. ಕೆಳಗೆ ಬಂಡೆಗೆ ಬಡಿದು ಸುತ್ತುವ ನೀರು ಮಾತ್ರ ಕಾಣುತ್ತದೆ. ಇಳಿಯುತ್ತಿದ್ದಂತೆ ಅಡ್ಡಕ್ಕೆ ದಪ್ಪನೆಯ ಗಾಜು. ಮುಂದೆ ಹೋಗಲಾಗದು. ಗಾಜಿನ ಮೇಲೆ ಬೆಂಜಮಿನ್ ಅವರದೇ ಮಾತು, ಹಲವು ಭಾಷೆಗಳಲ್ಲಿ. ಹೆಸರು ಮಾಡಿದವರಿಗಿಂತ ಹೆಸರಿಲ್ಲದವರ ನೆನಪಿಗೆ ಗೌರವ ಸಲ್ಲಿಸುವುದೇ ಕಷ್ಟ ಎಂಬ ಅರ್ಥ. ಓದುವಾಗ ಗಾಜಿನಲ್ಲಿ ನನ್ನ ಮುಖ, ಆಚೆಗೆ ಅಲೆ. ಗಂಟಲು ಕಟ್ಟಿತು. ಇಷ್ಟು ಸರಿಯಾದ ಜಾಗದಲ್ಲಿರುವ ಸ್ಮಾರಕ ನಾನು ಬೇರೆಲ್ಲೂ ಕಂಡಿಲ್ಲ.

ಆ ಮಾತನ್ನು ನಂಬುವುದಾದರೆ ಬೆಂಜಮಿನ್ ಸ್ಮಾರಕದ ಮುಂದೆ ನಿಂತು ವಾಪಸ್ ಹೋಗಬಾರದು ಅನಿಸಿತು. ಅದಕ್ಕೇ ರಸ್ತೆಯಲ್ಲಿ ಬೆಲಿತ್ರೆಸ್ ಎಂಬ, ಬೆಟ್ಟದ ಮೇಲಿನ ಗಡಿಯ ಕಣಿವೆದಾರಿಯವರೆಗೆ ಹತ್ತಿದೆ. ತ್ರಮೊಂತಾನ ಎಂಬ ಉತ್ತರದ ಗಾಳಿ ನಿಲ್ಲಲೂ ಬಿಡುತ್ತಿರಲಿಲ್ಲ. ಮೇಲೆ ಪಾಳುಬಿದ್ದ ಗಡಿ ಠಾಣೆ. ಪಕ್ಕದಲ್ಲಿ 1939ರ ಚಳಿಗಾಲದ ಫೋಟೋಗಳು. ಸ್ಪೇನಿನ ಅಂತರ್ಯುದ್ಧದ ಕೊನೆಗೆ ಫ್ರಾಂಕೊ ಎಂಬ ಸೇನಾನಾಯಕನ ಸೈನ್ಯ ಬರುತ್ತಿದ್ದಾಗ ಸುಮಾರು ಐದು ಲಕ್ಷ ಜನ ಸ್ಪೇನ್ ಬಿಟ್ಟು ಫ್ರಾನ್ಸಿಗೆ ಓಡಿದರು. ಅದರಲ್ಲಿ ಎಷ್ಟೋ ಜನ ದಾಟಿದ್ದು ಇದೇ ರಸ್ತೆಯಲ್ಲಿ. ಕಂಬಳಿ, ಗಂಟುಮೂಟೆ, ಮಕ್ಕಳು. ಮುಂದಿನ ವರ್ಷ ಬೆಂಜಮಿನ್ ಅದೇ ಬೆಟ್ಟವನ್ನು ಎದುರು ದಿಕ್ಕಿನಿಂದ ದಾಟಿದ್ದು.

ಅಲ್ಲಿಂದ ಸೆರ್ಬೇರ್‌ಗೆ ಇಳಿದೆ. ಹಿಂದೆ ವಲೆನ್ಸಿಯಾದ ಕಿತ್ತಳೆ ಬಂದಾಗ ಬುಟ್ಟಿಗಟ್ಟಲೆ ಹೊತ್ತು ಸ್ಪೇನಿನ ವ್ಯಾಗನ್‌ನಿಂದ ಫ್ರಾನ್ಸಿನ ವ್ಯಾಗನ್‌ಗೆ ತುಂಬುತ್ತಿದ್ದವರು ಇಲ್ಲಿನ ಹೆಂಗಸರು. 233 ಮಿಲಿಮೀಟರ್ ವ್ಯತ್ಯಾಸವನ್ನು ತಮ್ಮ ಸೊಂಟದ ಮೇಲೆ ಹೊತ್ತವರು. 1906ರಲ್ಲಿ ಕೂಲಿ ಹೆಚ್ಚಿಸಿ ಎಂದು ಮುಷ್ಕರ ಹೂಡಿದರು. ಯಾರೂ ಕಿವಿಗೊಡದಿದ್ದಾಗ ಹಳಿಯ ಮೇಲೆ ಮಲಗಿ ರೈಲು ತಡೆದರು.